ಮನೆಯ ಅಕ್ವೇರಿಯಂನ ಹವಳಗಳ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆದ) ಚಿತ್ರಗಳು ಮಸುಕಾಗಿ, ಬರೀ ನೀಲಿಯಾಗಿ ಬರುವುದೇಕೆ?

ಮಸುಕಿಗೆ ಹೆಚ್ಚಾಗಿ ಕಾರಣ ಲೆನ್ಸ್ ಅಲ್ಲ, ಗಾಜು. ಕ್ಯಾಮೆರಾವನ್ನು ಓರೆಯಾಗಿ ಹಿಡಿದರೆ ಗಾಜು ಮತ್ತು ನೀರಿನಲ್ಲಿ ಬೆಳಕು ಬಾಗಿ, ಅಂಚುಗಳಲ್ಲಿ ಬಣ್ಣ ಒಡೆದು ವಿವರ ಕದಡುತ್ತದೆ. ಲೆನ್ಸ್ ಗಾಜಿಗೆ ಲಂಬವಾಗಿರಲಿ. ಗಾಜಿನ ಒಳಬದಿಯ ಪಾಚಿಯನ್ನೂ ಮೊದಲೇ ಉಜ್ಜಿ ತೆಗೆಯಿರಿ.

ಟ್ರೈಪಾಡ್ ಬಳಸಿ, ನೀರಿನ ಪಂಪ್‌ಗಳನ್ನು ಕೆಲವು ನಿಮಿಷ ನಿಲ್ಲಿಸಿ. ತೇಲುವ ಕಣಗಳು ತಳಸೇರುತ್ತವೆ, ಪಾಲಿಪ್‌ಗಳ (ಹವಳದ ಪುಟ್ಟ ಜೀವಿಗಳ) ಓಲಾಟ ತಗ್ಗುತ್ತದೆ. ಕೆಲಸ ಮುಗಿದೊಡನೆ ಪಂಪ್ ಚಾಲೂ ಮಾಡಲು ದಯವಿಟ್ಟು ಮರೆಯಬೇಡಿ. ಹರಿವು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಯಾವ ಚಿತ್ರವೂ ಆ ಜೀವಗಳಿಗಿಂತ ದೊಡ್ಡದಲ್ಲ. ಅಪರ್ಚರ್ (ಬೆಳಕು ಒಳಬರುವ ಲೆನ್ಸ್‌ನ ಕಿಂಡಿ) ಎಫ್/8ರಿಂದ ಎಫ್/11 ಸಾಕು.

ನೀಲಿಯ ವಿಷಯ ಇನ್ನೂ ಸ್ವಾರಸ್ಯಕರ. ಅಕ್ವೇರಿಯಂನ ಎಲ್‌ಇಡಿ ದೀಪದ ನೀಲಿ ಬೆಳಕನ್ನು ಹವಳದಲ್ಲಿರುವ ಪ್ರೋಟೀನುಗಳು ಹೀರಿಕೊಂಡು ಹಸಿರು, ಕೆಂಪು ಬೆಳಕಾಗಿ ಮರಳಿ ಸೂಸುತ್ತವೆ. ಕಣ್ಣು ಆ ಹೊಳಪನ್ನು ಹಿಡಿಯುತ್ತದೆ. ಕ್ಯಾಮೆರಾದ ಸೆನ್ಸರ್‌ನಲ್ಲಿ ಪ್ರತಿಫಲಿತ ನೀಲಿಯೇ ತುಂಬಿಹೋಗುತ್ತದೆ. ಲೆನ್ಸ್ ಮುಂದೆ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಇಟ್ಟರೆ ಆ ನೀಲಿ ತಡೆಯಲ್ಪಟ್ಟು ಹವಳದ ಸ್ವಂತ ಬಣ್ಣ ಎದ್ದು ಬರುತ್ತದೆ. ಫಿಲ್ಟರ್ ಇಲ್ಲದಿದ್ದರೆ ಬಿಳಿ ದೀಪದ ಪಾಲನ್ನು ಹೆಚ್ಚಿಸಿ, ಚಿತ್ರವನ್ನು ರಾ ರೂಪದಲ್ಲಿ (ಸೆನ್ಸರ್‌ನ ಕಚ್ಚಾ ಮಾಹಿತಿಯಾಗಿ) ತೆಗೆದು, ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲ) ಅನ್ನು ಆಮೇಲೆ ಸರಿಪಡಿಸಿ. ನನ್ನ ಒಲವು ಫಿಲ್ಟರ್ ಕಡೆಗೇ.