ಸಂಜೆ ಒತ್ತಿದ್ರೆ ಬೆಳಗಿನ ಹಾಲು ಮಾಯ!

ಈ ಸಲ ಬಂದಿರೋ ಕಂಪ್ಯೂಟರ್ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತಾರೀಖು, ಟೈಮಿನ ಗೋಳೇ. ಅದ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಒಟ್ಟಿಗೆ ಹಾಕಿದೀನಿ, ಪ್ರಿಂಟರ್ ಬಗ್ಗೆ ಕೇಳಿದೋರು ಬೈಕೋಬೇಡಿ.

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು ಮಂಡ್ಯ ಹತ್ರ ಒಂದು ಹಳ್ಳಿ, ಬಿಸಿಎ ಮುಗಿಸಿ ಕೆಲ್ಸ ಹುಡುಕ್ತಾ ಇದೀನಿ. ನಮ್ಮೂರ ಹಾಲಿನ ಡೈರಿಗೆ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಒಂದು ಚಿಕ್ಕ ಲೆಕ್ಕದ ಪ್ರೋಗ್ರಾಮ್ ಬರ್ಕೊಟ್ಟಿದೀನಿ. ‘ಇವತ್ತಿನ ಹಾಲು’ ಅಂತ ಒಂದು ಬಟನ್ ಇದೆ, ಒತ್ತಿದ ತಕ್ಷಣ ಕ್ಯಾಲೆಂಡರ್ ಆಬ್ಜೆಕ್ಟ್ (ಆ ಗಳಿಗೆಯ ತಾರೀಖು, ಟೈಮ್ ಇಟ್ಕೊಂಡಿರೋ ಡಬ್ಬಿ) ತಗೊಂಡು ಅವರ್, ಮಿನಿಟ್, ಸೆಕೆಂಡ್ ಮೂರಕ್ಕೂ ಸೊನ್ನೆ ಹಾಕಿ, ಅಲ್ಲಿಂದ ಈಚೆಗೆ ಬಂದಿರೋ ಎಂಟ್ರಿನೆಲ್ಲ ಕೂಡಿಸ್ತೀನಿ. ಬೆಳಿಗ್ಗೆ ಒತ್ತಿದ್ರೆ ಲೆಕ್ಕ ಸರಿ. ಸಂಜೆ ಒತ್ತಿದ್ರೆ ಬೆಳಗಿನ ಹಾಲೇ ಇರಲ್ಲ! ಸೆಕ್ರೆಟರಿ ಎಲ್ರ ಮುಂದೆ “ಏನ್ಲಾ, ನಿನ್ ಕಂಪ್ಯೂಟ್ರು ಬೆಳಗಿನ ಹಾಲ್ನ ಕುಡ್ಕಬುಡ್ತಾ” ಅಂತ ಆಡ್ಕೊಂಡ್ರು. ಅಳಿಸೋಕೆ ಕ್ಲಿಯರ್ ಅಂತ ಒಂದು ಮೆಥಡ್ (ಕಮಾಂಡ್) ಇದ್ಯಲ್ಲ, ಅದ್ರಲ್ಲಿ ಅವರ್ ಆಫ್ ಡೇ ಅನ್ನೋ ಗಂಟೆ ಫೀಲ್ಡ್ ಅಳಿಸಿ ನೋಡ್ದೆ, ಏನೂ ಆಗ್ಲಿಲ್ಲ. ಇನ್ನೊಂದು, ಕರೆಂಟ್ ಹೋದಾಗ ಪುಸ್ತಕದಲ್ಲಿ ಬರ್ಕೊಂಡು ಆಮೇಲೆ ಬರೀ ತಾರೀಖು ಹಾಕಿ ಎಂಟ್ರಿ ಮಾಡಿದ ಹಾಲು ಬೆಳಿಗ್ಗೆನೂ ಬರಲ್ಲ, ಸಂಜೆನೂ ಬರಲ್ಲ.

ಉತ್ತರ: ತಮ್ಮಾ, ನಿನ್ ಕಂಪ್ಯೂಟರ್ ಹಾಲು ಕುಡಿದಿಲ್ಲ, ದಿನಾನ ಮಧ್ಯಾಹ್ನದಿಂದ ಶುರು ಮಾಡ್ಕೊಂಡಿದೆ ಅಷ್ಟೇ. ಜಾವಾದ ಕ್ಯಾಲೆಂಡರಲ್ಲಿ ಗಂಟೆಗೆ ಎರಡು ಫೀಲ್ಡ್ ಇವೆ. ‘ಅವರ್’ ಅನ್ನೋದು ಗೋಡೆ ಗಡಿಯಾರ ಇದ್ದಂಗೆ, 12 ಗಂಟೆ ಲೆಕ್ಕ, ಅದ್ರ ಪಕ್ಕದಲ್ಲಿ ಎಎಂ ಪಿಎಂ ಅಂತ ಬೇರೆ ಫೀಲ್ಡ್ ಕೂತಿರುತ್ತೆ. ‘ಅವರ್ ಆಫ್ ಡೇ’ ಅನ್ನೋದು ರೈಲ್ವೆ ಟೈಮ್, 0ಯಿಂದ 23. ನೀನು ಸೊನ್ನೆ ಹಾಕಿರೋದು ಮೊದಲನೇದಕ್ಕೆ. ಬೆಳಿಗ್ಗೆ 7ಕ್ಕೆ ಒತ್ತಿದಾಗ ಪಕ್ಕದಲ್ಲಿ ಎಎಂ ಇತ್ತು, ಸೊನ್ನೆ ಗಂಟೆ ಎಎಂ ಅಂದ್ರೆ ಮಧ್ಯರಾತ್ರಿ, ಸರಿಹೋಯ್ತು. ಸಂಜೆ 6:40ಕ್ಕೆ ಒತ್ತಿದಾಗ ಪಿಎಂ ಅಂತಿತ್ತು, ಅದನ್ನ ನೀನು ಮುಟ್ಟೇ ಇಲ್ಲ, ಸೊನ್ನೆ ಗಂಟೆ ಪಿಎಂ ಅಂದ್ರೆ ಮಧ್ಯಾಹ್ನ 12. ಬೆಳಿಗ್ಗೆ ಆರೂವರೆಗೆ ಕ್ಯಾನ್ ತಂದು ಸುರಿದೋರದೆಲ್ಲ ಅದಕ್ಕಿಂತ ಹಿಂದಿನದಾಯ್ತಲ್ಲ, ಬಿಟ್ಟುಹೋಯ್ತು. ನೀನು ಬರೆಯೋದು, ಟೆಸ್ಟ್ ಮಾಡೋದು ಎರಡೂ ಬೆಳಿಗ್ಗೆನೇ ಅಂತ ಕಾಣುತ್ತೆ. ಡೈರಿಗೆ ಎರಡೊತ್ತೂ ಹಾಲು ಬರೋದ್ರಿಂದ ಗೊತ್ತಾಯ್ತು, ಇಲ್ದಿದ್ರೆ ಇದು ವರ್ಷಗಟ್ಲೆ ಒಳಗೇ ಮಲಗಿರ್ತಿತ್ತು.

ಕ್ಲಿಯರ್ ಕೆಲ್ಸ ಮಾಡ್ಲಿಲ್ಲ ಅಂದ್ಯಲ್ಲ, ಅದು ನಿನ್ ತಪ್ಪಲ್ಲ. ಅವರ್ ಆಫ್ ಡೇ ಅಳಿಸಿದ್ರೂ ಅವರ್ ಫೀಲ್ಡಲ್ಲಿ 6 ಇದೆ, ಪಕ್ಕದಲ್ಲಿ ಪಿಎಂ ಇದೆ, ಅವೆರಡನ್ನೂ ಸೇರಿಸಿ ಅದು ಮತ್ತೆ 18 ಗಂಟೆ ಅಂತ ತಾನೇ ಲೆಕ್ಕ ಹಾಕ್ಕೊಂಡು ಬಿಡುತ್ತೆ. ಗಂಟೆ ಸೊನ್ನೆ ಮಾಡ್ಬೇಕು ಅಂದ್ರೆ ಕ್ಲಿಯರ್ ಬಳಸ್ಬೇಡಿ, ಅವರ್ ಆಫ್ ಡೇಗೆ ಸೆಟ್ ಮಾಡಿ 0 ಹಾಕಿ ಅಂತ ಜಾವಾ ಡಾಕ್ಯುಮೆಂಟೇಶನಲ್ಲೇ ಬರೆದಿದಾರೆ. ಯಾರ್ ಓದ್ತಾರೆ ಬಿಡು, ನಾನೂ ಪೆಟ್ಟು ತಿಂದ್ಮೇಲೇನೇ ಓದಿದ್ದು.

ಇನ್ನು ಪುಸ್ತಕದಿಂದ ಏರಿಸಿದ ಹಾಲು. ಬರೀ ತಾರೀಖು ಹಾಕಿದ್ರೆ ಅದು ಸರಿಯಾಗಿ ಮಧ್ಯರಾತ್ರಿ ಸೊನ್ನೆ ಸೊನ್ನೆ ಸೊನ್ನೆಗೆ ಸೇವ್ ಆಗುತ್ತೆ. ಸಂಜೆ ಅದು ಯಾಕಿಲ್ಲ ಅನ್ನೋದು ಮೇಲೆ ಹೇಳಿದ್ದೇ. ಬೆಳಿಗ್ಗೆ ಯಾಕಿಲ್ಲ ಅಂದ್ರೆ ನೀನು ಮೂರು ಫೀಲ್ಡ್ ಸೊನ್ನೆ ಮಾಡ್ದೆ, ನಾಲ್ಕನೇದು ಮಿಲಿಸೆಕೆಂಡ್, ಅದು ಬಟನ್ ಒತ್ತಿದ ಗಳಿಗೇಲಿ 347 ಇತ್ತೋ 812 ಇತ್ತೋ ಅಷ್ಟೇ ಉಳ್ಕೊಂಡಿದೆ. ಹಂಗಾಗಿ ನಿನ್ ದಿನ ಶುರುವಾಗೋದು ಮಧ್ಯರಾತ್ರಿ ಆಗಿ ಕಾಲೋ ಅರ್ಧವೋ ಸೆಕೆಂಡ್ ಆದ್ಮೇಲೆ, ಆ ಹಾಲು ಕೂದಲೆಳೆಯಷ್ಟರಲ್ಲಿ ನಿನ್ನೆಗೆ ಬಿತ್ತು.

ನನ್ನ ಕೇಳಿದ್ರೆ ಈ ಒಂದೊಂದೇ ಫೀಲ್ಡಿಗೆ ಸೊನ್ನೆ ಸುರಿಯೋ ಅಭ್ಯಾಸನೇ ಬಿಡು. ನಿಂಗೆ ಬೇಕಿರೋದು ತಾರೀಖು, ಕೈಲಿ ಹಿಡ್ಕೊಂಡಿರೋದು ಒಂದು ಗಳಿಗೆ, ಗಳಿಗೇನ ಕೆತ್ತಿ ಕೆತ್ತಿ ತಾರೀಖು ಮಾಡೋಕೆ ಹೋದ್ರೆ ಎಲ್ಲೋ ಒಂದು ಚೂರು ಉಳಿದೇ ಉಳಿಯುತ್ತೆ. 2014ರಲ್ಲಿ ಬಂದ ಜಾವಾ 8ರಿಂದ ಲೋಕಲ್‌ಡೇಟ್ ಅಂತ ಇದೆ, ಅದ್ರಲ್ಲಿ ಗಂಟೆ ಮಿನಿಟು ಇಲ್ವೇ ಇಲ್ಲ. ಏಷ್ಯಾ/ಕೋಲ್ಕತಾ ಝೋನ್ (ನಮ್ಮ ದೇಶದ ಟೈಮಿಗೆ ಅಲ್ಲಿರೋ ಹೆಸರು) ಕೊಟ್ಟು ಇವತ್ತಿನ ತಾರೀಖು ತಗೋ, ಅದ್ರ ಮೇಲೆ ಅಟ್‌ಸ್ಟಾರ್ಟ್‌ಆಫ್‌ಡೇ ಕರಿ, ದಿನದ ಮೊದಲ ಗಳಿಗೆ ಸಿಗುತ್ತೆ. ಕೊನೆಗೆ 23:59:59 ಅಂತ ಹಾಕ್ಬೇಡ, ನಾಳೆಯ ಮೊದಲ ಗಳಿಗೆ ತಗೊಂಡು ಅದಕ್ಕಿಂತ ಕಮ್ಮಿ ಅಂತ ಹಾಕು. ಝೋನ್ ಮಾತ್ರ ಮರೀಬೇಡ. ಇವತ್ತು ಪ್ರೋಗ್ರಾಮ್ ಡೈರಿ ಕಂಪ್ಯೂಟರಲ್ಲಿದೆ, ನಾಳೆ ಯಾವ್ದೋ ಕ್ಲೌಡ್ ಸರ್ವರ್‌ಗೆ ಹಾಕ್ತೀಯ, ಅದು ಯುಟಿಸಿಲಿ (ಜಗತ್ತಿಗೆಲ್ಲ ಆಧಾರದ ಟೈಮ್, ನಮಗಿಂತ ಐದೂವರೆ ಗಂಟೆ ಹಿಂದೆ) ಓಡ್ತಿದ್ರೆ ಅದ್ರ ಮಧ್ಯರಾತ್ರಿ ನಮಗೆ ಬೆಳಿಗ್ಗೆ ಐದೂವರೆ, ಐದೂಕಾಲಿಗೇ ಬಂದು ಹಾಲು ಹಾಕಿ ಹೋಗೋ ಅಜ್ಜಿ ಲೆಕ್ಕ ನಿನ್ನೆಗೆ ಹೋಗುತ್ತೆ. ಆ ಅಜ್ಜಿ ಬಂದು ಜಗಳ ಆಡಿದ್ರೆ ಸೆಕ್ರೆಟರಿ ಆಡ್ಕೊಂಡಿದ್ದೆಲ್ಲ ಏನೂ ಅಲ್ಲ ಅನ್ಸುತ್ತೆ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿದೀನಿ ಸರ್, ಅಕ್ಕನ ಹೋಮ್‌ಸ್ಟೇಗೆ ಒಂದು ಬುಕಿಂಗ್ ಪೇಜ್ ಮಾಡಿದೀನಿ, ಜಾವಾಸ್ಕ್ರಿಪ್ಟ್ (ಬ್ರೌಸರಲ್ಲಿ ಓಡೋ ಭಾಷೆ). 2025ರ ದಸರಾಗೆ ಒಂದು ಫ್ಯಾಮಿಲಿ ಅಕ್ಟೋಬರ್ 2 ಅಂತ ಆರಿಸಿದ್ರು, ನಮ್ಮ ಡೇಟಾಬೇಸಲ್ಲಿ ಅಕ್ಟೋಬರ್ 1 ಅಂತ ಬಂದಿತ್ತು. ಪುಣ್ಯಕ್ಕೆ ಅಕ್ಕ ಫೋನ್ ಮಾಡಿ ಕನ್ಫರ್ಮ್ ಮಾಡ್ಕೊಂಡ್ರು. ಟೈಮ್ ತೊಂದರೆ ಬೇಡ ಅಂತ ಸೆಟ್‌ಅವರ್ಸಲ್ಲಿ ಗಂಟೆ, ಮಿನಿಟ್, ಸೆಕೆಂಡ್, ಮಿಲಿಸೆಕೆಂಡ್ ನಾಲ್ಕಕ್ಕೂ ಸೊನ್ನೆ ಹಾಕಿದೀನಲ್ಲ, ಮತ್ಯಾಕೆ ಹಿಂಗೆ? ಅದು ಹಾಕಿದ್ಮೇಲೆ ಚೆಕ್‌ಇನ್ ಟೈಮ್ ಮಧ್ಯಾಹ್ನ 2 ಗಂಟೆ ಅಂತಿದ್ದಿದ್ದು ರಾತ್ರಿ 12 ಅಂತ ತೋರಿಸ್ತಿದೆ.

ಉತ್ತರ: ಮೇಡಂ, ನಾಲ್ಕು ಸೊನ್ನೆ ಹಾಕಿದ್ದು ಸರಿ, ಜಂಬೂಸವಾರಿ ದಿನಾನ ಹಿಂದಕ್ಕೆ ತಳ್ಳಿದ್ದು ಅದ್ರ ಮುಂದಿನ ಲೈನು. ಸೇವ್ ಮಾಡೋವಾಗ ಟು ಐಎಸ್‌ಒ ಸ್ಟ್ರಿಂಗ್ (ತಾರೀಖು, ಟೈಮನ್ನ ಅಕ್ಷರಗಳ ಸಾಲಾಗಿ ಬರೆಯೋದು) ಮಾಡಿ ಮೊದಲ 10 ಅಕ್ಷರ ಕತ್ತರಿಸ್ಕೊಂಡಿರ್ತೀರಿ, ಎಲ್ರೂ ಮಾಡೋದು ಅದೇ. ಸೆಟ್‌ಅವರ್ಸ್ ಕೆಲ್ಸ ಮಾಡೋದು ನಮ್ಮ ಟೈಮಲ್ಲಿ, ಐಎಸ್‌ಒ ಸ್ಟ್ರಿಂಗ್ ಬರೆಯೋದು ಯುಟಿಸಿಲಿ. ನಮ್ಮ ಅಕ್ಟೋಬರ್ 2ರ ಮಧ್ಯರಾತ್ರಿ ಯುಟಿಸಿಗೆ ಇನ್ನೂ ಅಕ್ಟೋಬರ್ 1ರ ಸಂಜೆ 18:30. ಮೊದಲ 10 ಅಕ್ಷರ ತಗೊಂಡ್ರೆ ಬರೋದು 2025-10-01, ಸಂಜೆ ಆರೂವರೆ ಅನ್ನೋ ಸಾಕ್ಷಿನ ನೀವೇ ಕತ್ತರಿಸಿ ಬಿಸಾಕಿರ್ತೀರಿ! ಉಲ್ಟಾನೂ ಇದೆ. ‘2025-10-02’ ಅಂತ ಬರೀ ತಾರೀಖಿನ ಸ್ಟ್ರಿಂಗ್ ಕೊಟ್ಟು ಡೇಟ್ ಮಾಡಿದ್ರೆ ಅದನ್ನ ಯುಟಿಸಿ ಅಂದ್ಕೊಳುತ್ತೆ, ನಮಗೆ ಬೆಳಿಗ್ಗೆ 5:30 ಅಂತ ಕಾಣುತ್ತೆ. ಅದೇ ಸ್ಟ್ರಿಂಗಿಗೆ ಟಿ (T) ಅನ್ನೋ ಅಕ್ಷರ ಸೇರಿಸಿ 00:00:00 ಅಂತ ಬರೆದ್ರೆ ನಮ್ಮೂರ ಮಧ್ಯರಾತ್ರಿ ಅಂದ್ಕೊಳುತ್ತೆ. ಯಾವ ಪುಣ್ಯಾತ್ಮ ಇದನ್ನ ಹಿಂಗೆ ಇಟ್ನೋ.

ಈ ಐದೂವರೆ ಎಲ್ಲಿಂದ ಬಂತು ಅಂತ ಕೇಳೋರಿಗೆ: ನಮ್ಮ ದೇಶದ ಟೈಮ್ ನಿಂತಿರೋದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಡಿಗ್ರಿಗೆ 4 ನಿಮಿಷದಂತೆ 330 ನಿಮಿಷ. ಬ್ರೌಸರಲ್ಲಿ ಗೆಟ್‌ಟೈಮ್‌ಝೋನ್‌ಆಫ್‌ಸೆಟ್ ಕೇಳಿದ್ರೆ ಮೈನಸ್ 330 ಅಂತ ಬರೋದು ಇದಕ್ಕೇ. ಮೈಸೂರು ಅದಕ್ಕಿಂತ ಪಶ್ಚಿಮಕ್ಕಿರೋದ್ರಿಂದ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 23 ನಿಮಿಷ ಲೇಟು. ನಮ್ಮ ಮನೇಲಿ ಪಂಚಾಂಗ ನೋಡೋರಿಗೆ ದಿನ ಬದಲಾಗೋದೇ ಸೂರ್ಯೋದಯಕ್ಕೆ, ಮಧ್ಯರಾತ್ರಿಗೆ ಅಂದ್ರೆ ಒಪ್ಪೋದೇ ಇಲ್ಲ.

ನಿಮ್ಮ ಚೆಕ್‌ಇನ್ ಟೈಮ್ ಹಾಳಾಗಿದ್ದು ಬೇರೆ ಕಾರಣಕ್ಕೆ. ಸೆಟ್‌ಅವರ್ಸ್ ಹೊಸ ಡೇಟ್ ಮಾಡಿ ಕೊಡಲ್ಲ, ಕೈಗೆ ಸಿಕ್ಕಿದ್ದನ್ನೇ ತಿದ್ದಿಬಿಡುತ್ತೆ. ಚೆಕ್‌ಇನ್‌ಗೂ ಅದೇ ಆಬ್ಜೆಕ್ಟ್ ಇಟ್ಕೊಂಡಿದೀರಿ. ಮೊದ್ಲು ಅದ್ರ ನಕಲು ಮಾಡಿ, ನಕಲಿಗೆ ಸೊನ್ನೆ ಹಾಕಿ. ಇನ್ನೂ ಒಳ್ಳೇದು ಅಂದ್ರೆ ಡೇಟ್ ಬಾಕ್ಸಲ್ಲಿ ಬರೋ ‘2025-10-02’ ಅನ್ನೋ ಸ್ಟ್ರಿಂಗನ್ನ ಹಂಗೇ ಡೇಟಾಬೇಸಿನ ಡೇಟ್ ಕಾಲಮ್ಮಿಗೆ ಕಳಿಸಿ, ನಡುವೆ ಡೇಟ್ ಆಬ್ಜೆಕ್ಟೇ ಬೇಡ.

ಪ್ರಶ್ನೆ: ಬಾಡಿಗೆ ನೆನಪಿಸೋ ಆಪ್‌ನಲ್ಲಿ ತಿಂಗಳ ಫೀಲ್ಡ್ ಮಾತ್ರ ಮುಂದಿನ ತಿಂಗಳಿಗೆ ಬದಲಾಯಿಸ್ತೀನಿ. ಆಗಸ್ಟ್ 31ಕ್ಕೆ ಓಡಿಸಿದ್ರೆ ಸೆಪ್ಟೆಂಬರ್ ಬಿಟ್ಟು ಅಕ್ಟೋಬರ್ 1ಕ್ಕೆ ಹಾರುತ್ತೆ. ಹಿಂದೇನೇ ದಿನ 30 ಅಂತಾನೂ ಹಾಕಿ ನೋಡ್ದೆ, ಆದ್ರೆ ಡೀಬಗ್ ಮಾಡೋಣ (ತಪ್ಪು ಹುಡುಕೋಣ) ಅಂತ ಎರಡರ ಮಧ್ಯ ಒಂದು ಪ್ರಿಂಟ್ ಹಾಕಿದ್ರೆ ಉತ್ತರನೇ ಬೇರೆ ಬರುತ್ತೆ, ತಲೆ ಕೆಟ್ಟುಹೋಗಿದೆ. ಜಾವಾ, ಹಳೇ ಕ್ಯಾಲೆಂಡರ್.

ಉತ್ತರ: ತಲೆ ಕೆಡೋ ವಿಷಯನೇ. ಸೆಪ್ಟೆಂಬರ್ 31 ಅಂತ ದಿನ ಇಲ್ಲ, ಕ್ಯಾಲೆಂಡರ್ ತಪ್ಪು ಅಂತ ಬೈಯೋ ಬದ್ಲು ಧಾರಾಳವಾಗಿ ಅಕ್ಟೋಬರ್ 1 ಅಂತ ಮಾಡ್ಕೊಳುತ್ತೆ. ಪ್ರಿಂಟ್ ಕಥೆ ಇನ್ನೂ ಮಜಾ. ಸೆಟ್ ಮಾಡಿದ ತಕ್ಷಣ ಅದು ಲೆಕ್ಕ ಹಾಕಲ್ಲ, ಯಾರಾದ್ರೂ ಕೇಳೋವರೆಗೂ ಸುಮ್ನಿರುತ್ತೆ. ತಿಂಗಳು ಸೆಪ್ಟೆಂಬರ್ ಅಂತ ಹಾಕಿ, ಹಿಂದೇನೇ ದಿನ 30 ಅಂತ ಹಾಕಿದ್ರೆ ಸೆಪ್ಟೆಂಬರ್ 30. ಎರಡರ ನಡುವೆ ಗೆಟ್‌ಟೈಮ್ ಕರೆದು ಪ್ರಿಂಟ್ ಮಾಡಿದ್ರೆ ಅಷ್ಟೊತ್ತಿಗೆ ಅದು ಅಕ್ಟೋಬರ್ 1 ಆಗಿರುತ್ತೆ, ಅದ್ರ ಮೇಲೆ 30 ಹಾಕಿದ್ರಿ, ಅಕ್ಟೋಬರ್ 30 ಆಯ್ತು. ನೀವು ಇಣುಕಿ ನೋಡಿದ್ದಕ್ಕೇ ತಿಂಗಳು ಬದಲಾಗಿದ್ದು. ಸೆಟ್ ಬಿಟ್ಟು ಆಡ್ ಬಳಸಿ, ಒಂದು ತಿಂಗಳು ಕೂಡಿಸಿದ್ರೆ 31 ಇಲ್ದೇ ಇದ್ರೆ 30ಕ್ಕೆ ನಿಲ್ಲುತ್ತೆ. ಆದ್ರೆ ಆ 30ರಿಂದ ಮತ್ತೆ ಒಂದು ತಿಂಗಳು ಕೂಡಿಸಿದ್ರೆ 31ಕ್ಕೆ ವಾಪಸ್ ಬರಲ್ಲ, ಅಲ್ಲೇ 30ರಲ್ಲೇ ಉಳ್ಕೊಳುತ್ತೆ, ಅದ್ಕೆ ಪ್ರತಿ ಸಲ ಶುರುವಿನ ಮೂಲ ತಾರೀಖಿಂದನೇ (ಇಲ್ಲಿ ಆಗಸ್ಟ್ 31) ಲೆಕ್ಕ ಹಾಕಿ.

ಪ್ರಶ್ನೆ: ಫಾರ್ಮ್ ರೀಸೆಟ್ ಮಾಡೋವಾಗ ಹುಟ್ಟಿದ ದಿನದ ಫೀಲ್ಡಿಗೆ ನಲ್ (ಅಂದ್ರೆ ‘ಏನೂ ಇಲ್ಲ’) ಹಾಕ್ತೀನಿ. ಆಮೇಲೆ ಎಲ್ರೂ 1970ರ ಜನವರಿ 1ರ ಬೆಳಿಗ್ಗೆ ಐದೂವರೆಗೆ ಹುಟ್ಟಿದಾರೆ!

ಉತ್ತರ: ಜಾವಾಸ್ಕ್ರಿಪ್ಟಲ್ಲಿ ನಲ್ ಕೊಟ್ಟು ಡೇಟ್ ಮಾಡಿದ್ರೆ ಅದನ್ನ ಸೊನ್ನೆ ಅಂತ ತಗೊಳುತ್ತೆ, ಸೊನ್ನೆ ಅಂದ್ರೆ ಯುಟಿಸಿಯ 1970 ಜನವರಿ 1ರ ಮಧ್ಯರಾತ್ರಿ. ಐದೂವರೆ ಯಾಕೆ ಅಂತ ಈಗ ಗೊತ್ತಾಗಿರ್ಬೇಕು. ಖಾಲಿ ಇದ್ರೆ ಖಾಲಿನೇ ಉಳಿಸಿ, ಡೇಟ್ ಮಾಡೋಕೆ ಮುಂಚೆ ನಲ್ಲಾ ಅಂತ ನೋಡಿ. ಡೇಟ್ ಬಾಕ್ಸ್ ಅಳಿಸೋಕೆ ಅದ್ರ ವ್ಯಾಲ್ಯೂಗೆ ಖಾಲಿ ಸ್ಟ್ರಿಂಗ್ ಹಾಕಿದ್ರೆ ಸಾಕು.

ಪ್ರಶ್ನೆ: ಪ್ರೋಗ್ರಾಮಿಂಗ್ ಅಲ್ಲ ಸಾರ್, ಅಂಗಡಿ ಹಳೇ ಡೆಸ್ಕ್‌ಟಾಪಲ್ಲಿ ದಿನಾ ಬೆಳಿಗ್ಗೆ ಡೇಟು ಯಾವ್ದೋ ಹಳೇ ವರ್ಷಕ್ಕೆ ಹೋಗಿರುತ್ತೆ, ಬ್ಯಾಂಕ್ ಸೈಟು ತೆರೆಯಲ್ಲ.

ಉತ್ತರ: ಮದರ್‌ಬೋರ್ಡ್ ಸೆಲ್ ಸತ್ತಿದೆ. ರಾತ್ರಿ ಸ್ವಿಚ್ ಆಫ್ ಮಾಡ್ತೀರಲ್ಲ, ಆಗ ಗಡಿಯಾರ ಓಡ್ಸೋದು ಅದೇ. ಡೇಟು ತಪ್ಪಿದ್ರೆ ಸೈಟಿನ ಸರ್ಟಿಫಿಕೇಟ್ (ಸೈಟು ಅಸಲಿ ಅನ್ನೋ ಗುರುತಿನ ಚೀಟಿ) ಇನ್ನೂ ಚಾಲ್ತಿಗೇ ಬಂದಿಲ್ಲ ಅಂದ್ಕೊಂಡು ಬ್ರೌಸರ್ ಒಳಗೆ ಬಿಡಲ್ಲ. ಸಾಮಾನ್ಯವಾಗಿ ಸಿಆರ್ 2032 ಅನ್ನೋ ನಾಣ್ಯದಂಥ ಸೆಲ್ಲು, ವಾಚ್ ಅಂಗಡೀಲೂ ಸಿಗುತ್ತೆ, ಹಳೇದನ್ನ ತೆಗೆದು ನಂಬರ್ ನೋಡ್ಕೊಂಡೇ ತನ್ನಿ. ಕರೆಂಟಿನ ಪ್ಲಗ್ ತೆಗೆದಿಟ್ಟು ಹೊಸ ಸೆಲ್ ಹಾಕಿ, ಪ್ಲಸ್ ಗುರುತು ಮೇಲಕ್ಕೆ.