ಆಕಾಶಗಂಗೆಯ ಒಳ್ಳೆ ಫೋಟೋ ಬೇಕು ಅಂದ್ರೆ ಸೆಪ್ಟೆಂಬರಲ್ಲಿ ಲಡಾಖಿನ ಹಾನ್ಲೆಗೇ ಹೋಗಬೇಕಾ? ಒಂದೂವರೆ ಲಕ್ಷದೊಳಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಒಂದೂವರೆ ಲಕ್ಷ, ಹಾನ್ಲೆ, ಅದೂ ಸೆಪ್ಟೆಂಬರ್ ಅಂತ ಬೇರೆ ಬರೆದಿದ್ದೀರಿ. ನನ್ನನ್ನೇ ನೋಡಿದ ಹಾಗಾಯ್ತು. 2023ರಲ್ಲಿ ಇದೇ ಪ್ರಶ್ನೆ ಹಿಡ್ಕೊಂಡು ನಾನೂ ಓಡಾಡಿದ್ದೆ. ಹತ್ತು ಜನ ಹತ್ತು ಕ್ಯಾಮೆರಾ ಹೆಸರು ಹೇಳಿದ್ರು. ನನಗೆ ಬೇಕಾಗಿದ್ದ ಒಂದೇ ಒಂದು ಮಾತನ್ನ ಯಾರೂ ಹೇಳಲಿಲ್ಲ.

ಒಂದು ಮಿರರ್‌ಲೆಸ್ ಬಾಡಿ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ), ಜೊತೆಗೆ ಹೆಚ್ಚು ಬೆಳಕು ಒಳಗೆ ಬಿಡೋ ಎಫ್ 2.8ರ ವೈಡ್ ಲೆನ್ಸು, ಸೇರಿ ಒಂದು ಲಕ್ಷದ ಅರವತ್ತು ಸಾವಿರ. ಹದಿನೆಂಟು ತಿಂಗಳ ಕಂತು. ಅಮಾವಾಸ್ಯೆ ಆಗಿ ಮೂರ್ನಾಲ್ಕು ದಿನಕ್ಕೇ ಗಣೇಶನ ಹಬ್ಬ. ಬೆಳದಿಂಗಳು ಅಡ್ಡ ಬರದ ಹಾಗೆ ಚಂದ್ರನ ಲೆಕ್ಕ ಮಾತ್ರ ಸರಿಯಾಗೇ ಹಾಕಿದ್ದೆ, ಅಷ್ಟು ಬುದ್ಧಿ ಇತ್ತು. ಹಬ್ಬಕ್ಕೆ ಮನೆಗೆ ಬರಲ್ಲ ಅಂದಾಗ ಅಮ್ಮ, "ಯಾಕೆ, ನಮ್ಮೂರಲ್ಲಿ ಚುಕ್ಕಿ ಇಲ್ವಾ?" ಅಂದ್ರು. ನಕ್ಕು ಫೋನ್ ಇಟ್ಟೆ.

ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಮಲಗಿದ್ದು, ಆಮೇಲೆ ಸಿಂಧೂ ನದಿ ಪಕ್ಕದಲ್ಲೇ ಸುಮಾರು 250 ಕಿಲೋಮೀಟರ್. ಹಾನ್ಲೆ ಮುಟ್ಟುವಾಗ ತಲೆ ಸಿಡಿಯುತ್ತಿತ್ತು. ಊರ ಪಕ್ಕದ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇದೆ. ಅಲ್ಲಿರೋ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನ (ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನದು) ನಡೆಸೋರು ಎಲ್ಲಿ ಕೂತಿರ್ತಾರೆ ಗೊತ್ತಾ? ನಮ್ಮ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದಲ್ಲಿ. ವಿಜ್ಞಾನಿಗಳು ಬೆಂಗಳೂರಿನ ಪಕ್ಕ ಕೂತು ಆಕಾಶ ನೋಡ್ತಾರೆ, ನಾನು ಬೆಂಗಳೂರಿಂದ ಸಾಲ ಮಾಡ್ಕೊಂಡು ಅಲ್ಲಿಗೆ ಹೋಗಿ ವಾಂತಿ ಮಾಡ್ಕೊಂಡೆ.

ಆಕಾಶದ ಬಗ್ಗೆ ಸುಳ್ಳು ಹೇಳಲ್ಲ. 2022ರಲ್ಲಿ ಆ ಸುತ್ತಮುತ್ತನ್ನೆಲ್ಲ ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ನಾನಿದ್ದ ಮನೆಯಲ್ಲಿ ಸಂಜೆಯಾದ್ರೆ ದಪ್ಪ ಪರದೆ ಎಳೆದುಬಿಡೋರು. ಎಂಟು ಗಂಟೆಗೆ ಹೊರಗೆ ಬಂದು ತಲೆ ಎತ್ತಿದೆ, ಐದು ನಿಮಿಷ ಕ್ಯಾಮೆರಾ ಕೈಗೆ ಬರಲಿಲ್ಲ. ಆದ್ರೆ ಇನ್ನೊಂದು ಮಾತೂ ಕೇಳಿ: ಕಣ್ಣಿಗೆ ಕಾಣೋ ಆಕಾಶಗಂಗೆ ನೀಲಿ ನೇರಳೆ ಅಲ್ಲ, ಬೂದಿ ಬಣ್ಣ. ಅಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯಲ್ಲ. ನೀವು ನೋಡಿ ಮನಸೋತ ಫೋಟೋಗಳಲ್ಲಿ ಬಹಳಷ್ಟು, ಹತ್ತಿಪ್ಪತ್ತು ಚಿತ್ರ ಒಂದರ ಮೇಲೊಂದು ಕೂಡಿಸಿ, ನೆಲದ ಚಿತ್ರ ಬೇರೆ ತೆಗೆದು ಅಂಟಿಸಿ ಮಾಡಿದ್ದು. ಅದು ಮೋಸ ಅಂತಲ್ಲ, ಆದ್ರೆ ಒಂದು ಕ್ಲಿಕ್ಕಿಗೆ ಬರುತ್ತೆ ಅಂತ ಕಾಯಬೇಡಿ.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನ ಸ್ವಲ್ಪ ಎಳೆದು ಹೇಳ್ತೀನಿ, ಬೇಜಾರಾದ್ರೂ ಓದಿ.

ನಕ್ಷತ್ರಕ್ಕೆ ಆಟೋಫೋಕಸ್ ಸಾಮಾನ್ಯವಾಗಿ ಕೆಲಸ ಮಾಡಲ್ಲ ಅಂತ ಗೊತ್ತಿತ್ತು. ಮ್ಯಾನುಯಲ್‌ಗೆ ಹಾಕಿ, ನೆತ್ತಿ ಹತ್ತಿರ ಇದ್ದ ಅಭಿಜಿತ್ ನಕ್ಷತ್ರವನ್ನ ಸ್ಕ್ರೀನಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ಲೆನ್ಸಿನ ಫೋಕಸ್ ರಿಂಗನ್ನ ಕೂದಲೆಳೆಯಷ್ಟು ಆಕಡೆ ಈಕಡೆ ತಿರುಗಿಸಿ, ಚುಕ್ಕಿ ಸೂಜಿಮೊನೆಯಷ್ಟು ಆಗುವವರೆಗೆ ಬಿಡಲಿಲ್ಲ. ಆಮೇಲೆ ಯಾರದೋ ಹಳೆಯ ವಿಡಿಯೋದಲ್ಲಿ ನೋಡಿದ್ದ ಹಾಗೆ ರಿಂಗಿಗೆ ಟೇಪ್ ಸುತ್ತಿದೆ. ಇನ್ನು ಅಲ್ಲಾಡೋ ಮಾತೇ ಇಲ್ಲ ಅಂತ ಧೈರ್ಯ. ಒಂಬತ್ತು ಫೋಟೋ ತೆಗೆದೆ. ಚಳಿಗೆ ಬ್ಯಾಟರಿ ಅರ್ಧಕ್ಕೆ ಇಳಿದಿತ್ತು. ಕ್ಯಾಮೆರಾ ಆಫ್ ಮಾಡಿ, ಜಾಕೆಟ್ಟಿನ ಒಳಜೇಬಲ್ಲಿ ಬೆಚ್ಚಗಿಟ್ಟಿದ್ದ ಇನ್ನೊಂದು ಬ್ಯಾಟರಿ ಹಾಕಿ, ಮತ್ತೆ ಆನ್ ಮಾಡಿದೆ. ಎಲ್ಲ ಹಾಳಾಗಿದ್ದು ಆ ಅರ್ಧ ನಿಮಿಷದಲ್ಲಿ.

ಈಗಿನ ಬಹುತೇಕ ಮಿರರ್‌ಲೆಸ್ ಲೆನ್ಸುಗಳಲ್ಲಿ ಫೋಕಸ್ ರಿಂಗಿಗೂ ಒಳಗಿನ ಗಾಜಿಗೂ ನೇರ ಸಂಬಂಧವೇ ಇಲ್ಲ. ನೀವು ರಿಂಗ್ ತಿರುಗಿಸಿದ್ರೆ ಒಳಗೊಂದು ಮೋಟಾರಿಗೆ ಸುದ್ದಿ ಹೋಗುತ್ತೆ, ಗಾಜನ್ನ ಸರಿಸೋದು ಅದು. ಕ್ಯಾಮೆರಾ ಆಫ್ ಆದ್ರೆ ಎಷ್ಟೋ ಲೆನ್ಸುಗಳು ಇದ್ದ ಜಾಗ ಮರೆತು ಬೇರೆಲ್ಲೋ ಹೋಗಿ ಕೂರುತ್ತವೆ. ಟೇಪು ರಿಂಗನ್ನ ಭದ್ರವಾಗಿ ಹಿಡ್ಕೊಂಡೇ ಇತ್ತು. ಗಾಜು ಮಾತ್ರ ಜಾಗ ಬಿಟ್ಟಿತ್ತು. ಎತ್ತು ಬಿಚ್ಕೊಂಡು ಹೋದ ಮೇಲೆ ಗೂಟಕ್ಕೆ ಇನ್ನೊಂದು ಗಂಟು ಹಾಕಿ ಮಲಗಿದ ಹಾಗೆ. ಹಳೆಯ ಲೆನ್ಸುಗಳಲ್ಲಿ ರಿಂಗೇ ಗಾಜನ್ನ ತಿರುಗಿಸ್ತಿತ್ತು, ಆ ವಿಡಿಯೋದವನ ಟೇಪು ಅಲ್ಲಿಗೆ ಸರಿ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಫೋಕಸ್ ಜಾಗ ನೆನಪಿಟ್ಟುಕೋ ಅನ್ನೋ ಆಯ್ಕೆ ಇದೆ. ನನ್ನದರಲ್ಲೂ ಇತ್ತು. ಡಿಸೆಂಬರಲ್ಲಿ ಗೊತ್ತಾಯ್ತು.

ಅಲ್ಲೇ ಗೊತ್ತಾಗಲಿಲ್ವಾ ಅಂತ ಎಲ್ಲರೂ ಕೇಳ್ತಾರೆ. ಇಲ್ಲ, ಯಾಕಂದ್ರೆ ಮೂರು ಇಂಚಿನ ಸ್ಕ್ರೀನಿನಲ್ಲಿ ಎಲ್ಲವೂ ಚೂಪಾಗೇ ಕಾಣುತ್ತೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಆ ಪುಟ್ಟ ಪರದೆಯೇ ದೀಪಾವಳಿ. ಒಂದೇ ಒಂದು ಫೋಟೋವನ್ನ ಹತ್ತು ಪಟ್ಟು ಹಿಗ್ಗಿಸಿ ನೋಡಿದ್ದರೆ ಸಾಕಿತ್ತು. ಬೆರಳು ಮರಗಟ್ಟಿತ್ತು, ಗ್ಲೌಸ್ ತೆಗೆಯೋಕೆ ಸೋಮಾರಿತನ, ಧನು ರಾಶಿ ಬೇರೆ ಪಡುವಣದ ಕಡೆ ವಾಲುತ್ತಿತ್ತು, ಅವಸರ. ಹತ್ತೂವರೆವರೆಗೆ 200ಕ್ಕೂ ಹೆಚ್ಚು ಫೋಟೋ ಹೊಡೆದೆ. ಮರುದಿನ ರಾತ್ರಿ ಮೋಡ. ಮೂರನೇ ದಿನ ವಾಪಸ್.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ತೆರೆದರೆ, ಒಂದೊಂದು ನಕ್ಷತ್ರವೂ ನೆನೆಸಿಟ್ಟ ಸಬ್ಬಕ್ಕಿ. ಆಕಾಶದ ತುಂಬ ಸಬ್ಬಕ್ಕಿ ಪಾಯಸ. ಯಾವ ಸಾಫ್ಟ್‌ವೇರಿಗೂ ಅದನ್ನ ರಿಪೇರಿ ಮಾಡೋಕಾಗಲಿಲ್ಲ. ಸರಿ ಇದ್ದ ಒಂಬತ್ತರಲ್ಲಿ ಐದು ಸೊಟ್ಟ, ಎರಡರಲ್ಲಿ ಯಾರದೋ ಜೀಪಿನ ದೀಪ, ಉಳಿದ ಎರಡರಲ್ಲಿ ನೆಲವೇ ಇಲ್ಲ, ಬರೀ ಆಕಾಶ. ಅದನ್ನ ಹಾನ್ಲೆಯಲ್ಲಿ ತೆಗೆದರೇನು, ಹಾಸನದಲ್ಲಿ ತೆಗೆದರೇನು?

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆಕಾಶಗಂಗೆಯ ಹೊಳೆಯೋ ನಡುಭಾಗ ಇರೋದು ಧನು ರಾಶಿಯ ದಿಕ್ಕಿನಲ್ಲಿ, ದಕ್ಷಿಣಕ್ಕೆ. ಎಷ್ಟು ಉತ್ತರಕ್ಕೆ ಹೋಗ್ತೀರೋ ಅದು ಅಷ್ಟು ಕೆಳಗೆ ಇಳಿಯುತ್ತೆ. ಹಾನ್ಲೆಯಲ್ಲಿ ಅದು ಎಷ್ಟೇ ಮೇಲೆ ಬಂದರೂ ದಿಗಂತದಿಂದ 28 ಡಿಗ್ರಿ. ಬೆಂಗಳೂರು, ಹಾಸನದ ಅಕ್ಷಾಂಶದಲ್ಲಿ 48 ಡಿಗ್ರಿ. ಜಾಗದ ಲೆಕ್ಕದಲ್ಲಿ ನಾವೇ ಅದೃಷ್ಟವಂತರು. ಹಾನ್ಲೆಗಿರೋದು ಕತ್ತಲು, ಎತ್ತರ ಮತ್ತು ಒಣ ಗಾಳಿಯ ಲಾಭ. ಅದು ದೊಡ್ಡದೇ, ಅಲ್ಲಗಳೆಯಲ್ಲ. 2024ರ ಮೇ ತಿಂಗಳ ಸೌರ ಬಿರುಗಾಳಿಯ ರಾತ್ರಿ ಅಲ್ಲಿನ ಕ್ಯಾಮೆರಾಗಳಿಗೆ ಕೆಂಪು ಧ್ರುವಪ್ರಭೆ ಕೂಡ ಸಿಕ್ಕಿತ್ತು. ಆದ್ರೆ ಕಲಿಯೋಕೆ ಅಲ್ಲಿಗೆ ಹೋಗೋದು, ಈಜು ಕಲಿಯೋಕೆ ಸಮುದ್ರಕ್ಕೆ ಹಾರಿದ ಹಾಗೆ. ಎರಡು ರಾತ್ರಿ ಇರುತ್ತೆ ಕೈಯಲ್ಲಿ. ತಪ್ಪು ಮಾಡೋಕೆ ಎರಡು ರಾತ್ರಿ ಸಾಲಲ್ಲ.

ನಮ್ಮ ಕಡೆ ಕಾಲ ಅಂದ್ರೆ ಫೆಬ್ರವರಿಯಿಂದ ಮೇ. ಜೂನ್ ಬಂದರೆ ಮೋಡ, ಮುಗೀತು. ಫೆಬ್ರವರಿಯಲ್ಲಿ ಬೆಳಗಿನ ಜಾವ ಮಾತ್ರ ಕಾಣುತ್ತೆ, ಮೇ ಹೊತ್ತಿಗೆ ರಾತ್ರಿ ಹನ್ನೊಂದಕ್ಕೆಲ್ಲ ಮೇಲೆ ಬಂದಿರುತ್ತೆ. ಯುಗಾದಿಗೆ ಊರಿಗೆ ಹೋಗ್ತೀರಲ್ಲ, ಅದು ಹೇಗೂ ಅಮಾವಾಸ್ಯೆ ಮರುದಿನದ ಹಬ್ಬ. ಇದಕ್ಕಿಂತ ಒಳ್ಳೆ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗಲ್ಲ.

2024ರ ಯುಗಾದಿಗೆ ನಾನು ಅದನ್ನೇ ಮಾಡಿದೆ. ಹಿರಿಯೂರು ಕಡೆ ನಮ್ಮೂರು, ಬಯಲುಸೀಮೆ. ಆ ದುಬಾರಿ ಲೆನ್ಸನ್ನ ಅಷ್ಟರಲ್ಲಿ ಮಾರಿಬಿಟ್ಟಿದ್ದೆ, ಕೋಪಕ್ಕೆ. ತಮ್ಮನ ಹಳೇ, ಒಳಗೆ ಕನ್ನಡಿ ಇರೋ ಡಿಎಸ್‌ಎಲ್‌ಆರ್, ಜೊತೆಗೇ ಬಂದಿದ್ದ 18-55ರ ಲೆನ್ಸು. ಜೂಮನ್ನ 18 ಮಿಲಿಮೀಟರಿಗೆ ಇಟ್ಟು, ಎಫ್ 3.5, ಬೆಳಕಿನ ಸೂಕ್ಷ್ಮತೆ ಅಂದ್ರೆ ಐಎಸ್‌ಒ 3200. ಎಷ್ಟು ಸೆಕೆಂಡು ತೆರೆದಿಡಬೇಕು ಅನ್ನೋದಕ್ಕೆ ಒಂದು ಒರಟು ಲೆಕ್ಕ ಇದೆ: 500ನ್ನ ಲೆನ್ಸಿನ ಮಿಲಿಮೀಟರಿನಿಂದ ಭಾಗಿಸೋದು. ಕ್ಯಾಮೆರಾದಲ್ಲಿ ಚಿತ್ರ ಹಿಡಿಯೋ ಸೆನ್ಸರ್ ಸಣ್ಣದಾದ್ರೆ 18ನ್ನ ಒಂದೂವರೆ ಪಟ್ಟು ಮಾಡಿ 27 ಅನ್ಕೊಳ್ಳಿ, ಸುಮಾರು 18 ಸೆಕೆಂಡು ಬರುತ್ತೆ. ಅದನ್ನ ಮೀರಿದರೆ ಭೂಮಿ ತಿರುಗೋದು ಫೋಟೋದಲ್ಲಿ ಗೆರೆಯಾಗಿ ಬೀಳುತ್ತೆ.

ಬೆಳಗಿನ ಜಾವ ನಾಲ್ಕು ಗಂಟೆ. ಹೊಲದ ಬದುವಿನ ಹುಣಸೆಮರ ಎಡಕ್ಕೆ, ದೂರದ ಗುಡ್ಡದಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿಣಕ್ ಮಿಣಕ್, ಮರದ ಮೇಲೆ ವೃಶ್ಚಿಕದ ಕೊಂಡಿ. ಆ ಕೊಂಡಿಯೇ ಮೂಲಾ ನಕ್ಷತ್ರ. ಆಕಾಶಗಂಗೆಯ ನಡು ಎಲ್ಲಿದೆ ಅಂತ ತೋರಿಸಿಕೊಡೋ ನಕ್ಷತ್ರ ಅದು, ನಮ್ಮ ಜನ ಆ ಹೆಸರು ಹೇಳಿ ಹೆಣ್ಣುಮಕ್ಕಳ ಸಂಬಂಧ ಮುರೀತಾರೆ. ಇರಲಿ. ಒಂದೊಂದು ಫೋಟೋ ಆದ ಮೇಲೂ ಹಿಗ್ಗಿಸಿ ನೋಡಿದೆ. ಚುಕ್ಕಿ ಚುಕ್ಕಿಯಾಗೇ ಇತ್ತು.

ಹನ್ನೆರಡನೆಯದಕ್ಕೆ ಶಟರ್ ತೆರೆದಿದೆ, ಹಿಂದಿನಿಂದ ಟಾರ್ಚ್ ಬೆಳಕು. ಹೊಲದಲ್ಲಿ ಯಾರೋ ಕಳ್ಳ ಅಂತ ಅಪ್ಪ ಎದ್ದು ಬಂದಿದ್ದರು. "ಯಾರದು?" ಅಂತ ಮರಕ್ಕೆ ಬೆಳಕು ಬಿಟ್ಟು, ನನ್ನ ದನಿ ಕೇಳಿ ಆರಿಸಿದ್ರು. ಎರಡೇ ಸೆಕೆಂಡು. ಆ ಎರಡು ಸೆಕೆಂಡಿಗೆ ಹುಣಸೆಮರದ ಎಲೆ ಎಲೆಯೂ ಬೆಳಗಿ ನಿಂತಿದೆ, ಹಿಂದೆ ಪೂರ್ತಿ ಆಕಾಶಗಂಗೆ. ನನ್ನ ಮನೆಯ ಗೋಡೆಯಲ್ಲಿರೋದು ಅದೊಂದೇ.

ಕ್ಯಾಮೆರಾ ಬಗ್ಗೆ: ಮನೆಯಲ್ಲೋ ನೆಂಟರಲ್ಲೋ ಮೂಲೆಗೆ ಬಿದ್ದಿರೋ ಡಿಎಸ್‌ಎಲ್‌ಆರ್ ಒಂದು ಇದ್ದೇ ಇರುತ್ತೆ, ಕೇಳಿ ತಗೊಳ್ಳಿ. ಐದಾರು ಸಾವಿರದ ಗಟ್ಟಿ ಟ್ರೈಪಾಡ್ ಮಾತ್ರ ಕೊಳ್ಳಿ, ಪ್ಲಾಸ್ಟಿಕ್ಕಿನದು ಗಾಳಿಗೆ ನಡುಗುತ್ತೆ. ಜಾಗ ಹುಡುಕುವಾಗ ದಕ್ಷಿಣಕ್ಕೆ ದೊಡ್ಡ ಪೇಟೆ ಇಲ್ಲದ ಹಾಗೆ ನೋಡ್ಕೊಳ್ಳಿ, ಪೇಟೆ ಉತ್ತರಕ್ಕಿದ್ದರೆ ಬೆನ್ನಿಗೆ ಬೀಳುತ್ತೆ, ಪರವಾಗಿಲ್ಲ. ನಿಮ್ಮೂರು ಯಾವ ಕಡೆ ಅಂತ ಬರೆದಿಲ್ಲ. ತಾಲೂಕು ಹೇಳಿದ್ರೆ ನಕ್ಷೆ ನೋಡಿ ಯಾವ ದಿಕ್ಕು ಕತ್ತಲಿದೆ ಅಂತ ಹೇಳ್ತೀನಿ.