ಕಾಯಿಲ್ ಸತ್ತರೂ ಓಡುವ ಕಾರು: ಹಳೆಯ ಆರ್‌ಎಕ್ಸ್-8 ಕೊಂಡವರಿಗೆ ಉತ್ತರ

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಜ್ದಾ ಆರ್‌ಎಕ್ಸ್-8 ಬಗ್ಗೆಯೇ. ಅಮೆರಿಕಕ್ಕೆ ಬಂದು, ಕೆಲಸ ಗಟ್ಟಿಯಾಗಿ, 'ಒಂದು ಸ್ಪೋರ್ಟ್ಸ್ ಕಾರು ತಗೊಳ್ಳೋಣ' ಎಂದು ಹುಡುಕುವ ನಮ್ಮ ಹುಡುಗರ ಕಣ್ಣಿಗೆ ಮೊದಲು ಬೀಳುವುದು ಇದು. ನಾಲ್ಕು ಬಾಗಿಲು, ಮ್ಯಾನುವಲ್ ಗೇರಿನದಾದರೆ 9000 ಆರ್‌ಪಿಎಂ ರೆಡ್‌ಲೈನ್, ಬೆಲೆ ನೋಡಿದರೆ ತೀರಾ ಅಗ್ಗ. ಇಷ್ಟು ಅಗ್ಗ ಯಾಕೆ ಎಂದು ಕೊಳ್ಳುವ ಮೊದಲು ಒಬ್ಬರೂ ಬರೆಯುವುದಿಲ್ಲ. ಕೊಂಡ ಮರುವಾರ ಬರೆಯುತ್ತಾರೆ. ಇದರದು ರೋಟರಿ ಎಂಜಿನ್, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತದೆ. ಅದಕ್ಕಿಂತ ಹೆಚ್ಚು ನಾನು ಇಲ್ಲಿ ಪಾಠ ಮಾಡುವುದಿಲ್ಲ. ದುಡ್ಡು ಕೊಟ್ಟಿದ್ದೀರಿ, ಅಷ್ಟಾದರೂ ಓದಿಕೊಂಡಿರುತ್ತೀರಿ ಎಂದುಕೊಳ್ಳುತ್ತೇನೆ.

ಪ್ರಶ್ನೆ: ಸರ್, 2005ರ ಆರ್‌ಎಕ್ಸ್-8 ಕೊಂಡೆ. ಆರು ಗೇರಿನ ಮ್ಯಾನುವಲ್, 78,000 ಮೈಲಿ ಓಡಿದೆ. ಪ್ಲಗ್ ಈಗಷ್ಟೇ ಬದಲಿಸಿದ್ದು ಎಂದು ಮಾರಿದವರು ಹೇಳಿದರು. ಕಾರು ಓಡುತ್ತದೆ, ಆದರೆ ಆರ್‌ಪಿಎಂ ಏರಿದ ಮೇಲೆ ಪಿಕಪ್ ಸಾಲದು. ಹೈವೇ ಹತ್ತುವಾಗ ಚೆಕ್ ಎಂಜಿನ್ ಲೈಟ್ ಒಂದೆರಡು ಸಲ ಮಿಣುಕಿ ಆರಿಹೋಯಿತು. 'ಕಾಯಿಲ್ ಕೆಟ್ಟರೆ ತಾನಾಗಿ ಗೊತ್ತಾಗುತ್ತೆ, ಆಗ ಹಾಕಿದರೆ ಸಾಕು' ಎಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾನೆ. ಕಾಯಲೇ? (ನ್ಯೂಜೆರ್ಸಿಯ ಓದುಗರು)

ಕಾಯಬೇಡಿ. ನಿಮ್ಮ ಮೆಕ್ಯಾನಿಕ್ ಹೇಳಿದ ಮಾತು ಹೋಂಡಾಗೆ ಸರಿ, ಟೊಯೋಟಾಗೆ ಸರಿ. ಈ ಎಂಜಿನ್‌ಗೆ ಮಾತ್ರ ತಪ್ಪು. ಇದೇ ಒಂದು ಮಾತಿನಿಂದ ಹಾಳಾದ ಎಂಜಿನ್‌ಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಸಾಮಾನ್ಯ ಕಾರಿನಲ್ಲಿ ಒಂದು ಸಿಲಿಂಡರಿಗೆ ಒಂದು ಪ್ಲಗ್. ಆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಹೋದರೆ ಆ ಸಿಲಿಂಡರ್ ಸತ್ತಂತೆ. ಗಾಡಿ ಗಡಗಡ ನಡುಗುತ್ತದೆ, ಪಕ್ಕದಲ್ಲಿ ಕೂತ ಅತ್ತೆಗೂ ಗೊತ್ತಾಗುತ್ತದೆ. ನಿಮ್ಮ ಕಾರಿನಲ್ಲಿ ಹಾಗಲ್ಲ. ಎರಡು ರೋಟರ್, ಒಂದೊಂದಕ್ಕೆ ಎರಡು ಪ್ಲಗ್. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಪ್ಲಗ್ ನಾಲ್ಕು, ಕಾಯಿಲ್ ನಾಲ್ಕು. ಮೊದಲು ಕಿಡಿ ಹಚ್ಚಿ ಹೆಚ್ಚಿನ ಕೆಲಸ ಮಾಡುವುದು ಲೀಡಿಂಗ್. ಅದರ ಕಾಯಿಲ್ ಸತ್ತರೆ ಐಡ್ಲಿಂಗ್ ಸ್ವಲ್ಪ ಒರಟಾಗುತ್ತದೆ, ಗಮನ ಇಟ್ಟವರಿಗೆ ತಿಳಿಯುತ್ತದೆ. ಟ್ರೇಲಿಂಗ್ ಸತ್ತರೆ ಬಹಳ ಜನಕ್ಕೆ ಪತ್ತೆಯೇ ಆಗುವುದಿಲ್ಲ. ಪಿಕಪ್ ಕೊಂಚ ಕಡಿಮೆ, ಮೈಲೇಜ್ ಕೊಂಚ ಕಡಿಮೆ. 'ರೋಟರಿ ಅಲ್ವಾ, ಪೆಟ್ರೋಲ್ ಕುಡಿಯೋದೇ ಹೀಗೆ' ಎಂದು ನೀವೇ ಸಮಾಧಾನ ಮಾಡಿಕೊಂಡು ತಿಂಗಳುಗಟ್ಟಲೆ ಓಡಿಸುತ್ತೀರಿ.

ಅಷ್ಟೂ ದಿನ ಆಗುವುದೇನು? ಪೂರ್ತಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿಗೆ ಹೋಗುತ್ತದೆ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕ್ಯಾಟ್, ಅದರ ಒಳಗೆ ಉರಿಯುತ್ತದೆ. ಕ್ಯಾಟ್ ಕೆಂಪಗೆ ಕಾಯುತ್ತದೆ, ಒಳಗಿನ ಜಾಲರಿ ಕರಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊಗೆಗೆ ಹೊರಹೋಗಲು ದಾರಿಯಿಲ್ಲ. ಒತ್ತಡ ಮತ್ತು ಶಾಖ ಎರಡೂ ಎಂಜಿನ್ ಕಡೆಗೇ ತಿರುಗುತ್ತವೆ. ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್‌ನಲ್ಲಿ ಹೊಗೆ ಹೊರಹೋಗುವ ಕಿಂಡಿ, ಎಕ್ಸಾಸ್ಟ್ ಪೋರ್ಟ್, ಇರುವುದು ಪಕ್ಕದ ಗೋಡೆಯಲ್ಲಿ. ರೋಟರಿನ ಪಕ್ಕದಿಂದ ಒತ್ತಡ ಸೋರದಂತೆ ತಡೆಯುವ ಲೋಹದ ಸೈಡ್ ಸೀಲ್‌ಗಳು ಉಜ್ಜಿಕೊಂಡು ಹೋಗುವುದೂ ಅದೇ ಗೋಡೆಯ ಮೇಲೆ. ಮೊದಲು ಪೆಟ್ಟು ಬೀಳುವುದು ಅವುಗಳಿಗೆ. ಒಂದು ಕಾಯಿಲ್ ಉಳಿಸಲು ಹೋಗಿ ಎಂಜಿನ್ ಕೆಳಗಿಳಿಸುವುದು ಹೀಗೆ.

ಲೈಟ್ ಮಿಣುಕಿತು ಎಂದಿರಿ. ಸುಮ್ನೆ ಹೊತ್ತಿಕೊಂಡಿರುವ ಲೈಟ್ ಬೇರೆ, ಮಿಣುಕುವ ಲೈಟ್ ಬೇರೆ. ಮಿಣುಕಿದರೆ 'ಮಿಸ್ಸಿಂಗ್ ಇದೆ, ಕ್ಯಾಟ್ ಸುಡುತ್ತಿದೆ' ಎಂದು ಕಾರೇ ಕೂಗಿ ಹೇಳುತ್ತಿದೆ ಎಂದರ್ಥ. ಆಗ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಡಿಯನ್ನು ಪಕ್ಕಕ್ಕೆ ಹಾಕಿ. ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ, ಕಾದ ಕ್ಯಾಟ್‌ನಿಂದ ಹುಲ್ಲಿಗೆ ಬೆಂಕಿ ಹತ್ತುತ್ತದೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ತಕರಾರಿನ ಕೋಡ್ ಓದಿಸಿ. ಪಿ0301 ಬಂದರೆ ಮುಂದಿನ ರೋಟರ್, ಪಿ0302 ಬಂದರೆ ಹಿಂದಿನದು. ಕೋಡ್ ಅಳಿಸಿ 'ಸರಿಹೋಯಿತು' ಎಂದು ಕೈ ತೊಳೆದುಕೊಳ್ಳುವ ಅಂಗಡಿಗೆ ಮತ್ತೆ ಹೋಗಬೇಡಿ.

ಈ ಕಾಯಿಲ್‌ಗಳು ಯಾಕೆ ಇಷ್ಟು ಬೇಗ ಸಾಯುತ್ತವೆ ಎಂದು ಸುಮಾರು ಜನ ಮಜ್ದಾ ಕಂಪನಿಯನ್ನು ಬೈಯುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಸ್ಟ್ರೋಕಿನ ಪಿಸ್ಟನ್ ಎಂಜಿನ್‌ನಲ್ಲಿ ಶಾಫ್ಟ್ ಎರಡು ಸುತ್ತು ತಿರುಗಿದರೆ ಪ್ಲಗ್ ಒಂದು ಸಲ ಕಿಡಿ ಕೊಟ್ಟರೆ ಸಾಕು. ಇಲ್ಲಿ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಕಿಡಿ. 9000 ಆರ್‌ಪಿಎಂ ಎಂದರೆ ಒಂದೊಂದು ಕಾಯಿಲ್ ಸೆಕೆಂಡಿಗೆ 150 ಕಿಡಿ ಕೊಡಬೇಕು. ಪಿಸ್ಟನ್ ಎಂಜಿನ್‌ನ ಪ್ಲಗ್‌ಗೆ ಒಳಬರುವ ತಣ್ಣನೆ ಗಾಳಿಯಾದರೂ ಸೋಕುತ್ತದೆ. ರೋಟರಿಯಲ್ಲಿ ಗಾಳಿ ಬರುವ ಜಾಗ ಒಂದು, ಉರಿಯುವ ಜಾಗ ಇನ್ನೊಂದು. ಪ್ಲಗ್ ಯಾವಾಗಲೂ ಉರಿಯುವ ಜಾಗದಲ್ಲೇ ಇರುತ್ತದೆ. ಕಾಯಿಲ್‌ಗಳನ್ನು ಕೂರಿಸಿರುವುದೂ ಅದೇ ಬಿಸಿ ಎಂಜಿನ್‌ನ ಮೈಗೆ ಅಂಟಿಸಿ. ಮಜ್ದಾದವರೇ ಕಾಯಿಲನ್ನು ಮತ್ತೆ ಮತ್ತೆ ತಿದ್ದಿದ್ದಾರೆ, ಪಾರ್ಟ್ ನಂಬರಿನ ಕೊನೆಯ ಅಕ್ಷರ ಎ ಇದ್ದದ್ದು ಬಿ, ಸಿ ಎಂದು ಬದಲಾಗಿದೆ. ಕೊಳ್ಳುವಾಗ ಹೊಸ ಅಕ್ಷರದ್ದೇ ಕೇಳಿ.

ಹಾಗಾಗಿ ನನ್ನ ಲೆಕ್ಕ ಒಂದೇ. 30,000 ಮೈಲಿಗೊಮ್ಮೆ ನಾಲ್ಕು ಕಾಯಿಲ್, ನಾಲ್ಕು ವೈರ್, ನಾಲ್ಕು ಪ್ಲಗ್. ಎಲ್ಲಾ ಒಟ್ಟಿಗೆ. ಹಳೆಯ ಮಾಲೀಕ ಬಾಯಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ತಗೊಳ್ಳಬೇಡಿ, ಬಿಲ್ ಇದ್ದರೆ ಮಾತ್ರ ನಂಬಿ. ನಿಮ್ಮ ಹತ್ತಿರ ಬಿಲ್ ಇಲ್ಲ. ಹಾಗಾಗಿ ನಿಮ್ಮ ಮೀಟರ್ ಇವತ್ತು ಸೊನ್ನೆಯಿಂದ ಶುರು.

ಆದರೆ ಸಾಮಾನು ತರಿಸುವ ಮೊದಲು ಇನ್ನೊಂದು ಕೆಲಸ ಇದೆ. ಕಂಪ್ರೆಷನ್ ಟೆಸ್ಟ್, ಅಂದರೆ ಎಂಜಿನ್ ಒಳಗೆ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆಯುವುದು. ಅದೂ ರೋಟರಿಗೆಂದೇ ಮಾಡಿದ ಟೆಸ್ಟರಿನಲ್ಲಿ. ಮಾಮೂಲಿ ಗೇಜ್ ಚುಚ್ಚಿದರೆ ರೋಟರಿನ ಮೂರು ಮುಖಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದರ ನಂಬರ್ ಮಾತ್ರ ಕಾಣುತ್ತದೆ, ಸತ್ತ ಮುಖ ಅಡಗಿಕೊಳ್ಳುತ್ತದೆ. ಎರಡು ರೋಟರಿಗೆ ಒಟ್ಟು ಆರು ನಂಬರ್ ಬರೆಸಿಕೊಳ್ಳಿ, ಸೆಲ್ಫ್ ತಿರುಗಿದ ವೇಗವನ್ನೂ ಬರೆಸಿಕೊಳ್ಳಿ. 250 ಆರ್‌ಪಿಎಂಗೆ ಹೊಂದಿಸಿದಾಗ ಚದರ ಸೆಂಟಿಮೀಟರಿಗೆ 6.9 ಕೆಜಿಗಿಂತ ಕೆಳಗೆ ಯಾವ ಮುಖವೂ ಇರಬಾರದು. ಕೆಳಗಿದ್ದರೆ ಅಲ್ಲಿಗೇ ನಿಲ್ಲಿಸಿ. ಆ ಎಂಜಿನ್‌ಗೆ ಹೊಸ ಕಾಯಿಲ್ ಹಾಕುವುದು ದುಡ್ಡು ದಂಡ. ಮನೆಯಲ್ಲೇ ಒಂದು ಅಂದಾಜು ಬೇಕಾದರೆ, ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಚಕ್ಕನೆ ಹತ್ತಿಕೊಂಡು, ಬಿಸಿಯಲ್ಲಿ ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾದರೆ ತಕರಾರು ಸೀಲ್‌ನಲ್ಲಿದೆ ಎಂದು ಅನುಮಾನಿಸಿ. 'ಒಂದು ಕಾಯಿಲ್ ಹಾಕಿದರೆ ಸರಿಹೋಗುತ್ತೆ' ಎಂದು ನಿಮಗೆ ಕಾರು ದಾಟಿಸಿದವರು ಈ ಟೆಸ್ಟ್ ಮಾತ್ರ ಮಾಡಿ ತೋರಿಸಿರುವುದಿಲ್ಲ.

ನಂಬರ್ ಚೆನ್ನಾಗಿ ಬಂತು ಎನ್ನಿ. ಪ್ಲಗ್ ಸಿಗುವುದು ಎಡಗಡೆಯ ಮುಂದಿನ ಚಕ್ರ ಬಿಚ್ಚಿದರೆ. ಸ್ಟ್ಯಾಂಡ್ ಕೊಡದೆ ಬರೀ ಜಾಕ್ ಮೇಲೆ ಗಾಡಿ ನಿಲ್ಲಿಸಿ ಕೈ ಹಾಕುವವರು ಇನ್ನು ಮುಂದೆ ನನಗೆ ಬರೆಯಬೇಡಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಹೌಸಿಂಗ್ ಅಲ್ಯೂಮಿನಿಯಂ, ಬಿಸಿಯಲ್ಲಿ ತಿರುಗಿಸಿದರೆ ಥ್ರೆಡ್ ಕಿತ್ತುಕೊಂಡು ಬರುತ್ತದೆ. 21 ಮಿಮೀ ಪ್ಲಗ್ ಸಾಕೆಟ್, ಉದ್ದನೆಯ ಎಕ್ಸ್‌ಟೆನ್ಷನ್ ಬೇಕು.

ಕೆಳಗಿನ ತೂತಿಗೆ ಎನ್‌ಜಿಕೆ ಕಂಪನಿಯ ಆರ್‌ಇ7ಸಿ-ಎಲ್ ಪ್ಲಗ್. ಮೇಲಿನದಕ್ಕೆ ಆರ್‌ಇ9ಬಿ-ಟಿ. ಕೊನೆಯ ಅಕ್ಷರ ನೋಡಿಕೊಳ್ಳಿ: ಎಲ್ ಲೀಡಿಂಗ್, ಟಿ ಟ್ರೇಲಿಂಗ್. ನೋಡಲು ಎರಡೂ ಅಣ್ಣ ತಮ್ಮಂದಿರ ಹಾಗೆ ಇರುತ್ತವೆ, ಶಾಖ ತಡೆಯುವ ಗುಣ ಮಾತ್ರ ಬೇರೆ. ಅದಲು ಬದಲು ಮಾಡಬೇಡಿ. ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ, ಹದವಾಗಿ ಬಿಗಿ ಮಾಡಿ. ವೈರ್ ಒಂದೊಂದೇ ಬಿಚ್ಚಿ, ಒಂದೊಂದೇ ಹಾಕಿ. ನಾಲ್ಕನ್ನೂ ಕಿತ್ತು ಗುಡ್ಡೆ ಹಾಕಿಕೊಂಡು 'ಈಗ ಯಾವುದು ಎಲ್ಲಿಗೆ ಸರ್' ಎಂದು ಫೋಟೋ ಕಳಿಸುತ್ತಾರೆ! ಎಲ್1, ಟಿ1 ಮುಂದಿನ ರೋಟರಿಗೆ. ಎಲ್2, ಟಿ2 ಹಿಂದಿನದಕ್ಕೆ. ಲೀಡಿಂಗ್, ಟ್ರೇಲಿಂಗ್ ಒಂದೇ ಹೊತ್ತಿಗೆ ಕಿಡಿ ಕೊಡುವುದಿಲ್ಲ. ವೈರ್ ಅದಲು ಬದಲಾದರೆ ಟೈಮಿಂಗ್ ಕೆಟ್ಟುಹೋಗುತ್ತದೆ. ವೈರಿನ ಟೋಪಿ ಪ್ಲಗ್ ಮೇಲೆ ಕೂತಾಗ 'ಟಕ್' ಎಂದು ಕೈಗೆ ತಿಳಿಯಬೇಕು. ತಿಳಿಯಲಿಲ್ಲವಾದರೆ ಕೂತಿಲ್ಲ.

ಇನ್ನು ಪ್ಲಗ್ ಉಜ್ಜುವ ಚಟ. ಮೈಸೂರಿನ ಯೆಜ್ಡಿ ಓಡಿಸಿ ಬೆಳೆದ ಅಪ್ಪ, ಮಾವಂದಿರು ಫೋನಿನಲ್ಲೇ ಹೇಳಿಕೊಡುತ್ತಾರೆ: 'ಎಮರಿ ಪೇಪರ್ ಹಾಕಿ ಉಜ್ಜು, ಗ್ಯಾಪ್ ಸರಿ ಮಾಡು.' ಯೆಜ್ಡಿಗೆ ಅದು ಸರಿಯಾಗಿತ್ತು. ಇವು ಇರಿಡಿಯಂ ತುದಿಯ ಪ್ಲಗ್. ಉಜ್ಜಿದರೆ ತುದಿ ಹೋಯಿತು, ಗ್ಯಾಪ್ ಬಗ್ಗಿಸಿದರೆ ಪ್ಲಗ್ಗೇ ಹೋಯಿತು. ಹಿರಿಯರಿಗೆ 'ಹೂಂ' ಎನ್ನಿ, ಉಜ್ಜಬೇಡಿ.

ಆನ್‌ಲೈನ್‌ನಲ್ಲಿ ನಾಲ್ಕು ಕಾಯಿಲ್ ಸೇರಿಸಿ ಒಂದು ಕಾಯಿಲ್ ಬೆಲೆಗೆ ಕೊಡುವವರಿದ್ದಾರೆ. ಕೊಳ್ಳಬೇಡಿ. ಎನ್‌ಜಿಕೆ ಹೆಸರಿನ ನಕಲಿ ಪ್ಲಗ್‌ಗಳೂ ಧಾರಾಳವಾಗಿವೆ. ಗೊತ್ತಿರುವ ಅಂಗಡಿಯಿಂದಲೇ ತರಿಸಿ. ಜಿಎಂ ಕಂಪನಿಯ ಎಲ್‌ಎಸ್ ಎಂಜಿನ್‌ನ ಕಾಯಿಲ್‌ಗಳ ಕಿಟ್ ಹಾಕಿಸುವವರೂ ಇದ್ದಾರೆ. ಚೆನ್ನಾಗಿ ಜೋಡಿಸಿದ ಕಿಟ್ ಒಳ್ಳೆಯದೇ. ಆದರೆ ಮೊದಲ ರೋಟರಿ ಕೊಂಡವರಿಗೆ ಕಂಪನಿಯ ಕಾಯಿಲ್ಲೇ ಸಾಕು ಎನ್ನುತ್ತೇನೆ. ವೈರಿಂಗ್ ಕತ್ತರಿಸಿದ ಗಾಡಿಯಲ್ಲಿ ಆಮೇಲೆ ತಕರಾರು ಬಂದರೆ ಯಾವುದು ಕಾರಿನದು, ಯಾವುದು ಕಿಟ್‌ನದು ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ನನಗೆ ಆ ತಾಳ್ಮೆ ಇಲ್ಲ.

ಎಲ್ಲಾ ಹಾಕಿದ ಮೇಲೂ ಪಿಕಪ್ ಸಾಲದಿದ್ದರೆ, ಕಾಯಿಲ್ ಮತ್ತೆ ಮುಟ್ಟಬೇಡಿ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿನಲ್ಲಿ ಎಕ್ಸಾಸ್ಟ್ ಒತ್ತಡ ಅಳೆಸಿ. ಹಳೆಯ ಕಾಯಿಲ್ ಅಷ್ಟರಲ್ಲಿ ಕ್ಯಾಟ್ ಮುಚ್ಚಿಸಿರಬಹುದು.

ಪ್ರಶ್ನೆ: ತೊಳೆಯಲು ಗ್ಯಾರೇಜಿನಿಂದ ಹೊರಗೆ ತಂದು ಆಫ್ ಮಾಡಿದೆ. ಈಗ ಸ್ಟಾರ್ಟೇ ಆಗುತ್ತಿಲ್ಲ. ಕಾಯಿಲ್ ಹೋಯಿತೇ?

ಇಲ್ಲ, ಪೆಟ್ರೋಲ್ ತುಂಬಿಕೊಂಡು ಪ್ಲಗ್ ನೆನೆದಿದೆ. ಆಕ್ಸಿಲರೇಟರ್ ನೆಲಕ್ಕೆ ತಾಗುವವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಆಗ ಇಂಜೆಕ್ಟರ್ ಪೆಟ್ರೋಲ್ ಬಿಡುವುದಿಲ್ಲ. ಹತ್ತು ಸೆಕೆಂಡ್ ಹೊಡೆದು, ಸ್ವಲ್ಪ ಬಿಟ್ಟು ಮತ್ತೆ ಹೊಡೆಯಿರಿ. ಬ್ಯಾಟರಿಗೆ ಚಾರ್ಜರ್ ಹಾಕಿಡಿ, ನಿಧಾನಕ್ಕೆ ತಿರುಗುವ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿ. ಇನ್ನು ಮೇಲೆ ಹತ್ತು ಅಡಿ ಸರಿಸಲು ಸ್ಟಾರ್ಟ್ ಮಾಡಿದರೂ, ಟೆಂಪರೇಚರ್ ಮುಳ್ಳು ಮೇಲೆ ಬರುವವರೆಗೆ ಆಫ್ ಮಾಡಬೇಡಿ.

ಪ್ರಶ್ನೆ: ಮಲ್ಟಿಮೀಟರಿನಲ್ಲಿ ಕಾಯಿಲ್ ಸರಿ ಎಂದು ತೋರಿಸುತ್ತಿದೆ.

ಕಾಯಿಲ್‌ಗೆ ಕರೆಂಟ್ ಬಿಟ್ಟು ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ವಿಚ್, ಇಗ್ನೈಟರ್, ಕಾಯಿಲ್ ಒಳಗೇ ಇದೆ, ತಣ್ಣಗಿರುವಾಗ ಓಮ್ ಅಳೆದರೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಎಂಜಿನ್ ಓಡುತ್ತಿರುವಾಗ ವೈರ್ ಒಂದೊಂದೇ ಕಿತ್ತು ನೋಡಬಹುದೇ?

ಶಾಕ್ ನಿಮಗೆ, ಪೆಟ್ರೋಲ್ ಕ್ಯಾಟ್‌ಗೆ. ಬೇಡ. ಸ್ಪಾರ್ಕ್ ಟೆಸ್ಟರ್ ಅಗ್ಗಕ್ಕೆ ಸಿಗುತ್ತದೆ.

ಪ್ರಶ್ನೆ: ಬಾಟಲಿ ಔಷಧಿ ಹಾಕಿದರೆ ಕಂಪ್ರೆಷನ್ ವಾಪಸ್ ಬರುತ್ತದೆ ಎನ್ನುತ್ತಾರೆ.

ಸವೆದ ಲೋಹದ ಸೀಲನ್ನು ಬೆಳೆಸುವ ಬಾಟಲಿ ಇಲ್ಲ. ಮಾರುವವನಿಗೆ ಮಾತ್ರ ಲಾಭ.

ಪ್ರಶ್ನೆ: ಎಂಜಿನ್ ಆಯಿಲ್ ಕಡಿಮೆಯಾಗುತ್ತಿದೆ. ಪ್ಲಗ್ ಕೆಡುತ್ತದೆಯೇ?

ಸೀಲ್‌ಗಳಿಗೆಂದು ಈ ಎಂಜಿನ್ ಬೇಕೆಂದೇ ಆಯಿಲ್ ಸುಡುತ್ತದೆ. ಎರಡು ಸಲ ಪೆಟ್ರೋಲ್ ತುಂಬಿಸುವುದರೊಳಗೆ ಒಮ್ಮೆ ಡಿಪ್‌ಸ್ಟಿಕ್ ನೋಡಿ. ಲೈಟ್ ಹೊತ್ತಲಿ ಎಂದು ಕಾಯಬೇಡಿ.

ಪ್ರಶ್ನೆ: 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿಗೆ ರೋಟರಿಗೆ ಮೂರು ಪ್ಲಗ್ ಇತ್ತಂತೆ. ನನ್ನದಕ್ಕೂ ಮೂರನೆಯದು ಹಾಕಿಸಬಹುದೇ?

ಇರುವ ಎರಡನ್ನು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಊರಿಗೆ ವಾಪಸ್ ಹೋಗುವಾಗ ಕಾರನ್ನು ಬೆಂಗಳೂರಿಗೆ ತರಬಹುದೇ?

ಭಾರತಕ್ಕೆ ತರುವ ಹಳೆಯ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು. ನಿಮ್ಮದು ಎರಡರಲ್ಲೂ ಫೇಲ್. ಅಲ್ಲೇ ಮಾರಿ. ಕಾಯಿಲ್ ಬಿಲ್, ಕಂಪ್ರೆಷನ್ ನಂಬರ್ ಎರಡನ್ನೂ ಕೊಳ್ಳುವವರ ಕೈಗೆ ಕೊಡಿ.